ಗ್ಲಾಸಿಗಿಂತ ಮೊದಲು ತಟ್ಟೆ

ಅಪ್ಪನಿಗೆ ನಮಸ್ಕಾರ.

ಭಾನುವಾರ ನೀವು ಬರುತ್ತೀರೆಂದು ಮೊಮ್ಮಗಳು ಈಗಿನಿಂದಲೇ ಕಿಟಕಿ ಬಿಟ್ಟು ಕದಲುತ್ತಿಲ್ಲ. ದಾರಿಯಲ್ಲಿ ಖಾಲಿ ಹೊಟ್ಟೆಗೆ ಕುಡಿಯಬೇಡಿ. ಸೋಡಾ ಬೆರೆಸಲೇಬೇಡಿ, ಬೇಗ ತಲೆಗೇರುತ್ತದೆ.

ಅಮ್ಮ ಇದ್ದಾಗ, "ಮೊದ್ಲು ನಾಲ್ಕು ತುತ್ತು ಹೊಟ್ಟೆಗೆ ಬೀಳ್ಲಿ, ಆಮೇಲೆ ನಿಮ್ಮ ಔಷಧಿ" ಎಂದು ತಟ್ಟೆ ಇಡುತ್ತಿದ್ದಳು. ಹೊಟ್ಟೆಯಲ್ಲಿ ಅನ್ನವಿದ್ದರೆ ಮದ್ಯ ರಕ್ತಕ್ಕೆ ನಿಧಾನವಾಗಿ ಇಳಿಯುತ್ತದಂತೆ. ಆ ನಿಧಾನದಲ್ಲೇ ನೀವು ನನಗೆ ಸಿಗುತ್ತಿದ್ದಿರಿ. ಗಡಿಯಾರ ರಿಪೇರಿಯ ಮೇಜಿನ ಮೇಲೆ ಕೂರಿಸಿಕೊಂಡು, ಮುಳ್ಳುಗಳು ನಿದ್ದೆಯಲ್ಲೇ ಎದ್ದು ಸಮುದ್ರದತ್ತ ನಡೆದುಹೋಗುವ ಕಥೆ ಹೇಳುತ್ತಿದ್ದಿರಿ. ನಿಮ್ಮ ಕಣ್ಣು ಕೆಂಪಾಗುವಷ್ಟರಲ್ಲಿ ಅಮ್ಮ ನನ್ನನ್ನು ಎತ್ತಿಕೊಂಡು ಒಳಗಿನಿಂದ ಚಿಲಕ ಹಾಕಿಬಿಡುತ್ತಿದ್ದಳು.

ಮುಳ್ಳುಗಳು ಸಮುದ್ರ ಸೇರಿದವೋ ಇಲ್ಲವೋ ನನಗಿನ್ನೂ ಗೊತ್ತಿಲ್ಲ. ನಿಮ್ಮ ಮೊಮ್ಮಗಳೂ ಕೇಳುತ್ತಾಳೆ. ಈ ಸಲ ಹೊಟ್ಟೆ ತುಂಬ ಉಣ್ಣಿ, ಅಪ್ಪ.

ನಿಮ್ಮ ಮಗಳು