ತೊಟ್ಟಿಯ ಗೋಡೆಗೊಂದು ಸಮುದ್ರ

ಅಕ್ಕಾ,

ಬೈಯುವ ಮೊದಲು ಓದು: ಕ್ಷೇಮವಾಗಿ ತಲುಪಿದ್ದೇನೆ. ಈ ಕಾರ್ಡಿನ ಹಿಂಬದಿಯ ಚಿತ್ರ ನೋಡಿ ಹೆದರಬೇಡ, ಅದು ನಾನು ಕೆಲಸಕ್ಕೆ ಬಂದ ಮತ್ಸ್ಯಾಲಯದ ಕೊಲೆಗಡುಕ ತಿಮಿಂಗಿಲ. ಹೆಸರಿಗಷ್ಟೇ ಕೊಲೆಗಡುಕ, ತಿನ್ನುವುದು ಬಕೆಟ್ಟಿನಲ್ಲಿ ಬರುವ ಐಸಿನ ಮೀನು. ಚಿತ್ರದಲ್ಲಿ ನೆಟ್ಟಗಿರುವ ಬೆನ್ನಿನ ರೆಕ್ಕೆ ನಿಜದಲ್ಲಿ ಒದ್ದೆ ಟವೆಲಿನ ಹಾಗೆ ಪಕ್ಕಕ್ಕೆ ಜೋತುಬಿದ್ದಿದೆ.

ತಿಮಿಂಗಿಲಕ್ಕೆ ಊರಿನ ನೆನಪು ಕಾಡಬಾರದೆಂದು ಅದರ ತೊಟ್ಟಿಯ ಗೋಡೆಗೆ ಸಮುದ್ರ ಬರೆಯುವುದು ನನ್ನ ಕೆಲಸ. ಬರೆದೆ. ಬಣ್ಣ ಒಣಗಿದ ಮೇಲೆ ಅದನ್ನು ಒಳಗೆ ಬಿಟ್ಟರು. ಹತ್ತಿರ ಬಂದು ಒಮ್ಮೆ ಕೂಗಿ, ನನ್ನ ಅಲೆಗಳನ್ನು ಹಲ್ಲಿನಿಂದ ಕೆರೆದು ಹೋಯಿತು. ಮೀನು ಹಾಕುವಾಕೆ ನಕ್ಕಳು.

"ಅದು ಕೂಗಿ, ಸದ್ದು ವಾಪಸ್ ಬರೋದ್ರಲ್ಲೇ ದಾರಿ ತಿಳ್ಕೊಳ್ಳುತ್ತೆ. ನಿಮ್ಮ ಸಮುದ್ರ ಅದಕ್ಕೆ ಬರೀ ಗೋಡೆ."

"ಮತ್ತೆ ಯಾರಿಗಮ್ಮ ಬರೆದಿದ್ದು?"

"ಟಿಕೆಟ್ ತಗೊಂಡೋರಿಗೆ."

ಮ್ಯಾನೇಜರ್ ಸಾಹೇಬರು ಹೇಳುವುದೇ ಬೇರೆ: ಸಮುದ್ರದಲ್ಲಿ ಬಲೆ, ಹಡಗು, ವಿಷ, ಮೀನಿಗೂ ಬರ; ಇಲ್ಲಿ ನೆಮ್ಮದಿ. ಬೋನಿನೊಳಗಿನ ಇಲಿಗೆ ಬೆಕ್ಕಿನ ಭಯವಿಲ್ಲವಲ್ಲ, ಹಾಗೆ.

ಬಣ್ಣದ ವಾಸನೆಗೆ ಸ್ವಲ್ಪ ಕೆಮ್ಮು ಹತ್ತಿದೆ, ಊಟಕ್ಕೆ ತೊಂದರೆಯಿಲ್ಲ. ಅಮ್ಮನಿಗೆ ಕೆಮ್ಮಿನ ವಿಷಯ ಹೇಳಬೇಡ.

ಈ ಪ್ರಾಣಿಗಳು ಎಷ್ಟು ಬೆಳೆದರೂ ತಾಯಿಯ ಪಕ್ಕ ಬಿಡುವುದಿಲ್ಲವಂತೆ. ಇದನ್ನು ಹಾಲು ಬಿಡುವ ಮೊದಲೇ ಹಿಡಿದು ತಂದದ್ದು. ಅದಕ್ಕೇ ನಾಳೆ ಎದುರಿನ ಗೋಡೆಗೆ ಅದರ ತಾಯಿಯನ್ನು ಬರೆಯಬೇಕು. ಎಷ್ಟು ದೊಡ್ಡದಾಗಿ ಎಂದು ಕೇಳಿದೆ. "ಗೋಡೆಗೆ ಹಿಡ್ಸೋವಷ್ಟು ಇದ್ರೆ ಸಾಕು," ಎಂದರು ಸಾಹೇಬರು.

ಈ ಕಾರ್ಡಿನಲ್ಲೂ ಜಾಗ ಮುಗಿಯಿತು.

ನಿನ್ನ ತಮ್ಮ