ಹುಸೇನಮ್ಮನ ಕುರ್ಚಿಯಲ್ಲಿ ಕೂತವರು

ಬಿಸಿಗಡಿ ಎಳೆದ ನಲವತ್ತೊಂದನೆಯ ವರ್ಷ, ಹದಿನಾಲ್ಕನೆಯ ತಿಂಗಳು

ಮಾನವ ಹಕ್ಕು ಮತ್ತು ರಾಜತಾಂತ್ರಿಕತೆಯಲ್ಲಿ ಎಂ.ಎ. ಓದಲು ಹೊರಟಿರುವ ಮಕ್ಕಳೇ,

ಮೇಲಿನ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ, ಹುಡುಕಬೇಡಿ; ಅದು ನಿಮ್ಮ ಮುಂದೆ ಬರಲಿರುವ ಕಾಲದ್ದು. ಬೇಸಿಗೆ ಹನ್ನೆರಡು ತಿಂಗಳೊಳಗೆ ಹಿಡಿಸದೆ ಹೋದಾಗ ನಮ್ಮ ಸರ್ಕಾರಗಳು ವರ್ಷವನ್ನೇ ಹಿಗ್ಗಿಸಿದವು. ಬಿಸಿಲು ತಗ್ಗಿಸಲಾಗದವರು ಅಷ್ಟನ್ನಾದರೂ ಮಾಡಿದರು. ನನ್ನ ಕೆಲವು ಮಾತು ನಿಮಗೆ ಅಪರಿಚಿತವಾಗಿ, ಕೆಲವು ಒರಟಾಗಿ ಕೇಳಿಸಬಹುದು. ಅಪರಿಚಿತ ಮಾತಿಗೆ ಕ್ಷಮೆ ಇರಲಿ. ಒರಟು ಮಾತಿಗೆ ಕೇಳುವುದಿಲ್ಲ.

ಬಿಸಿಗಡಿ ಎಂದರೆ ಮನುಷ್ಯರು ಹಗಲಲ್ಲಿ ಬಯಲಿಗೆ ಬಂದರೆ ಬದುಕಲಾರದ ಸೀಮೆಯ ಗೆರೆ. ಅದು ನಮ್ಮ ರಾಯಚೂರಿನ ಮೇಲೆಯೇ ಹಾದುಹೋಗಿದೆ. ಗೆರೆಯೊಳಗೆ ಸಿಕ್ಕಿಕೊಂಡವರು ಹಳೆಯ ಕಲ್ಲುಕ್ವಾರಿಗಳಲ್ಲಿ ಶಿಬಿರ ಹೂಡಿ ಬದುಕುತ್ತೇವೆ. ಬೆಳಗಾಗುತ್ತಲೇ ಬಂಡೆಯ ತಳಕ್ಕೆ ಇಳಿಯುತ್ತೇವೆ, ಒದ್ದೆ ಗೋಣಿ ಹೊದ್ದು ಕೂರುತ್ತೇವೆ. ಅಲ್ಲೇ ರೊಟ್ಟಿ, ಅಲ್ಲೇ ಜಗಳ, ಅಲ್ಲೇ ಹೆರಿಗೆ. ಮಕ್ಕಳು ಕುಂಟಾಬಿಲ್ಲೆ ಆಡುವುದೂ ಅಲ್ಲೇ. ಎಲ್ಲರ ಬಾಯಲ್ಲೂ ಒಂದೇ ಮಾತು: ನೆರಳುಪಾಲು. ತಂಪು ದೇಶಗಳು ನಮ್ಮಂಥವರನ್ನು ಇಷ್ಟಿಷ್ಟು ಎಂದು ಹಂಚಿಕೊಳ್ಳುವುದಕ್ಕೆ ಆ ಹೆಸರು. ಸಂತೆಯಲ್ಲಿ ಕುರಿ ಆರಿಸಿದ ಹಾಗೆಯೇ. ಕುರಿಯ ಪರವಾಗಿ ಭಾಷಣ ಮಾಡುವವರೂ ಅಲ್ಲಿರುತ್ತಾರೆ, ಅಷ್ಟೇ ವ್ಯತ್ಯಾಸ.

ಅಂಥ ಮಾತುಕತೆಯ ಮೇಜಿನ ಸುತ್ತ ಒಂದು ಕುರ್ಚಿ ನಮ್ಮದು. ನೋವಿನ ಕುರ್ಚಿ ಎನ್ನುತ್ತೇವೆ. ಯಾರ ಬದುಕಿನ ತೀರ್ಮಾನವೋ ಅವರೇ ಅದರಲ್ಲಿ ಕೂರಬೇಕು, ಅವರು ಬೇಡವೆಂದರೆ ಒಪ್ಪಂದ ನಿಲ್ಲಬೇಕು. ಯಾರೂ ಅದನ್ನು ಪುಕ್ಕಟೆ ಕೊಟ್ಟದ್ದಲ್ಲ. ನಮ್ಮ ಹಿರಿಯರು ಲಾಠಿ ತಿಂದು, ಜೈಲು ಕಂಡು, ಹೆಣ ಹೊತ್ತು ಗಳಿಸಿದ್ದು. ಆಮೇಲೆ ಓದಿದವರು ಬಂದರು. ನೊಂದವರು ಸಿಟ್ಟಿಗೇಳುತ್ತಾರೆ, ಅಳುತ್ತಾರೆ, ವಿಷಯ ಬಿಟ್ಟು ಮಾತಾಡುತ್ತಾರೆ, ಅವರ ಪರವಾಗಿ ತರಬೇತಿ ಪಡೆದವರು ಕೂತರೆ ಅವರಿಗೇ ಒಳ್ಳೆಯದು ಎಂದರು. ಒಳ್ಳೆಯ ಮನಸ್ಸಿನಿಂದಲೇ ಎಂದರು. ನನ್ನ ಸಂಕಟವೂ ಅದೇ. ಕುರ್ಚಿ ಪದವೀಧರರ ಪಾಲಾಯಿತು. ನೀವು ಓದಹೊರಟಿರುವುದು ಆ ಪದವಿಯನ್ನೇ.

ಹುಸೇನಮ್ಮ ನಮ್ಮ ಶಿಬಿರದ ಅಜ್ಜಿ. ಮಗಳು, ಅಳಿಯ ಬಿಸಿಲಿಗೆ ಬಿದ್ದು ಹೋದ ಮೇಲೆ ಎರಡು ಮೊಮ್ಮಕ್ಕಳನ್ನು ಸಾಕಿದಾಕೆ. ತಾಯಮ್ಮ ಪುಟ್ಟವಳು, ಮೌಲೇಶ ಅವಳಿಗಿಂತ ನಾಲ್ಕು ವರ್ಷ ದೊಡ್ಡವನು. ಸಣ್ಣ ಮಕ್ಕಳನ್ನು ಒಂದು ದೇಶ, ದುಡಿಯಬಲ್ಲ ಹುಡುಗರನ್ನು ಇನ್ನೊಂದು ದೇಶ ತೆಗೆದುಕೊಳ್ಳುವ ಕರಡು ಬಂತು. ಮುದುಕರನ್ನು ಯಾರೂ ಕೇಳಿರಲಿಲ್ಲ. ಅದಕ್ಕೆ ಹುಸೇನಮ್ಮನ ತಕರಾರೂ ಇರಲಿಲ್ಲ. ಆಕೆಯ ಹಟ ಒಂದೇ: "ಹೋದ್ರ ಇಬ್ರೂ ಒಂದೇ ಕಡಿ ಹೋಗ್ಲಿ. ಇಲ್ಲಾಂದ್ರ ಇಬ್ರೂ ನನ್ ಕೂಡ ಇಲ್ಲೇ ಇರ್ಲಿ. ಸತ್ರೂ ಒಬ್ರ ಮುಖ ಒಬ್ರು ನೋಡಿ ಸಾಯ್ತಾವು."

ಮಾತುಕತೆಗೆ ಆಕೆಯನ್ನು ಕರೆದುಕೊಂಡು ಹೋದವಳು ನಾನು. ಬಾಗಿಲಲ್ಲಿ ಕಾವಲಿನವನು ತಡೆದ.

"ಅಜ್ಜಿ, ನೀವು ಆಗ್ಲೇ ಒಳಗಿದ್ದೀರಲ್ಲ."

"ನಾ ಒಳಗ ಇದ್ರ ಇಲ್ಲಿ ನಿಂತಾಕಿ ಯಾರಪ್ಪಾ? ನನ್ ದೆವ್ವೇನು?"

ಅವನು ನಗಲಿಲ್ಲ. ಹೊರಗಿನ ಬೆಂಚು, ಗೋಡೆಯ ಪರದೆ ತೋರಿಸಿದ. ಪರದೆಯ ಮೇಲೆ ನೋವಿನ ಕುರ್ಚಿಯಲ್ಲಿ, ಹುಸೇನಮ್ಮನ ಹೆಸರಿನ ಚೀಟಿ ಹಚ್ಚಿಕೊಂಡು, ಇಂಚರಾ ಎಂಬ ಹುಡುಗಿ. ಆ ವರ್ಷದ ಚಿನ್ನದ ಪದಕ. ಒಂದು ವಾರ ನಮ್ಮ ಕ್ವಾರಿಗೆ ಬಂದಿದ್ದಳು, ಗೋಣಿ ಹೊದ್ದಿದ್ದಳು, ನಮ್ಮ ಖಾರ ತಿಂದು ಕಣ್ಣೀರು ಹಾಕಿದ್ದಳು. ಕೆಟ್ಟವಳಲ್ಲ. ಅವಳು ಮಾತಾಡಿದಳು ನೋಡಿ, ಎದುರು ದೇಶದವರೂ ಕಣ್ಣೊರೆಸಿಕೊಂಡರು. ಹುಸೇನಮ್ಮ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿ ನೋಡಿದಳು.

"ಯವ್ವಾ, ನನಗಿಂತ ಚಲೋ ಅಳ್ತಾಳ ನೋಡು ಈಕಿ."

ಆಮೇಲೆ ಎದುರಿನವರ ಮುಖಂಡ ಮೆತ್ತಗೆ ಕೇಳಿದ. ಈಗ ಮಕ್ಕಳು ಬೇರೆ ಬೇರೆಯಾಗಿಯೇ ಹೋಗಲಿ, ಕೂಡಿಸುವ ವಿಚಾರವನ್ನು ಮುಂದೆ ಹಂತಹಂತವಾಗಿ ನೋಡೋಣ, ಒಪ್ಪಿಗೆಯೇ? ಬೆಂಚಿನ ಮೇಲಿದ್ದ ಹುಸೇನಮ್ಮ ಎದ್ದು ನಿಂತು "ಬ್ಯಾಡ" ಎಂದಳು. ಪರದೆಗೆ ಕಿವಿ ಎಲ್ಲಿದೆ? "ಬ್ಯಾಡ ಅನ್ನವ್ವಾ, ಬ್ಯಾಡ ಅನ್ನು!" ಎಂದು ಗೋಡೆಗೆ ಬಡಿದಳು. ಕಾವಲಿನವನು ಬಂದು ಕೈ ಹಿಡಿದುಕೊಂಡ.

ಆ ಪದವಿ ಓದುವವರಿಗೆ ಕಲಿಸುವ ಮೊದಲ ಪಾಠ, ಏನೇ ಆಗಲಿ ಮಾತುಕತೆ ಮುರಿಯಬಾರದು ಎಂಬುದು. ಮುರಿದವರಿಗೆ ಅಂಕವಿಲ್ಲ. ಇಂಚರಾ ಕಲಿತದ್ದು ಕೈಬಿಡಲಿಲ್ಲ. "ಒಪ್ಪಿಗೆ" ಎಂದಳು.

ಹೊರಗೆ ಓಡಿ ಬಂದು ಅಜ್ಜಿಯ ಕೈ ಹಿಡಿದಳು. "ಅಜ್ಜಿ, ಗೆದ್ವಿ! ಮಾತುಕತೆ ಮುರೀಲಿಲ್ಲ."

"ಗೆದ್ವೇನವ್ವಾ? ಮಕ್ಕಳು ಎಲ್ಲಿ ಕೂಡ್ತಾವು?"

"ಮುಂದೆ ಹಂತಹಂತವಾಗಿ..."

"ನಿನಗ ಅಣ್ಣ ತಮ್ಮ ಅದಾರೇನು?"

ಇಂಚರಾ ಆಗ ಅತ್ತಳು. ಆ ಅಳು ಒಳಗಿನ ಅಳುವಿನಂತೆ ಇರಲಿಲ್ಲ.

ಎದುರು ಪಾಳಯದ ಒಬ್ಬ, ಕೆಲಸ ಬಿಟ್ಟ ಮೇಲೆ, ನಮ್ಮ ಶಿಬಿರದ ಸಂಘದವರ ಮುಂದೆ ಹೇಳಿದ: ನೋವಿನ ಕುರ್ಚಿ ಬೇಡವೆಂದರೆ ಅಣ್ಣ ತಂಗಿಯರನ್ನು ಒಟ್ಟಿಗೆ ತೆಗೆದುಕೊಳ್ಳಲು ನಮಗೆ ಅಪ್ಪಣೆ ಆಗಿತ್ತು, ಅಷ್ಟು ಬೇಗ ಒಪ್ಪುತ್ತೀರೆಂದು ನಾವು ತಿಳಿದಿರಲಿಲ್ಲ ಎಂದು. ಈ ಮಾತನ್ನು ನಾನು ಹುಸೇನಮ್ಮನಿಗೆ ತಿಳಿಸಲಿಲ್ಲ. ಸಾಯುವ ಮುದುಕಿಗೆ ಹೇಳುವ ಮಾತೇ ಅದು?

ಹಂತಗಳು ಬರಲಿಲ್ಲ. ತಾಯಮ್ಮ ಹೋದ ದೇಶದಲ್ಲೇ ದೊಡ್ಡವಳಾಗಿದ್ದಾಳೆ. ಮೌಲೇಶನ ದೇಶ ಆಮೇಲೆ ಬಾಗಿಲು ಮುಚ್ಚಿತು, ಅವನ ಸುದ್ದಿ ಇಲ್ಲ. ಹೋದ ತಿಂಗಳು ತಾಯಮ್ಮ ಫೋನಿನಲ್ಲಿ ಮಾತಾಡಿದಾಗ ಅವಳ ಕನ್ನಡದ ಅರ್ಧ ನನಗೆ ತಿಳಿಯಲಿಲ್ಲ. ಅಣ್ಣನಿಗೆ ಯಾವ ಕಿವಿಯಲ್ಲಿ ತೂತಿತ್ತು ಎಂದು ಕೇಳಿದಳು. ನನಗೂ ನೆನಪಿರಲಿಲ್ಲ. ಎಡಗಿವಿ ಎಂದುಬಿಟ್ಟೆ.

ಮಕ್ಕಳೇ, ನಿಮ್ಮ ತರಗತಿಯಲ್ಲಿ ಒಂದು ದಿನ ಮೇಷ್ಟ್ರು ಅಣಕು ಮಾತುಕತೆ ಆಡಿಸುತ್ತಾರೆ. ನೀನು ಮಂತ್ರಿ, ನೀನು ರಾಯಭಾರಿ, ನೀನು ನಿರಾಶ್ರಿತೆ ಎಂದು ಹೆಸರಿನ ಚೀಟಿ ಕೊಡುತ್ತಾರೆ. ಮಂತ್ರಿಯಾಗಿ, ರಾಯಭಾರಿಯಾಗಿ, ಚೆನ್ನಾಗಿ ಆಗಿ. ಆ ಮೂರನೆಯ ಚೀಟಿಯನ್ನು ಮಾತ್ರ ತಿರುಗಿ ಕೊಡಿ. ನಿಜವಾದ ನಿರಾಶ್ರಿತೆ ಊರಲ್ಲೇ ಇದ್ದಾಳೆ, ಕರೆಸಿ ಎನ್ನಿ. ಅಂಕ ಹೋದರೆ ಹೋಗಲಿ. ಆಕೆ ಬಂದು ಬೈದರೆ ಬೈಸಿಕೊಳ್ಳಿ. ಆಕೆ ಬೇಡವೆಂದು ಎದ್ದು ಹೋದರೆ ಹಿಂದೆ ಓಡಿ ಸಮಾಧಾನ ಮಾಡಬೇಡಿ, ಮಾತುಕತೆ ಮುರಿಯಲಿ. ಮುರಿದ ಮಾತನ್ನು ಮರುದಿನ ಕೂಡಿಸಬಹುದು. ಆ ಎರಡು ಮಕ್ಕಳನ್ನು ಕೂಡಿಸಲು ನಮ್ಮಿಂದ ಆಗಲಿಲ್ಲ.

ನಿಮ್ಮ
ದುರುಗಮ್ಮ
ಕಲ್ಲುಕ್ವಾರಿ ಶಿಬಿರ, ಬಿಸಿಗಡಿಯ ಒಳಗಿನಿಂದ