ನಿನ್ನ ಹೆಸರಿನ ಅನುದಾನ

ಮಾರ್ಚ್ ೯, ಸೋಮವಾರ
ಲಾಂಡ್ರಿಯಿಂದ, ಮಧ್ಯಾಹ್ನ

ಪುಟ್ಟೀ,

ನಿನ್ನ ಕಾಗದ ಬಂದು ಹದಿನೇಳು ದಿನವಾಯಿತು. ಕೆಲಸ ಜಾಸ್ತಿಯಿತ್ತು ಎಂದು ಬರೆದರೆ ನೀನು ನಂಬಿಬಿಡುತ್ತೀಯ, ಅದಕ್ಕೇ ಬರೆಯುವುದಿಲ್ಲ. ನಿನ್ನ ಗಂಡನ ಬೆನ್ನುನೋವು ಹೇಗಿದೆ? ನನ್ನದು ಸೊಂಟ. ಹೋಟೆಲುಗಳ ನಾನೂರು ಬೆಡ್‌ಶೀಟು ಒಗೆಸಿ ಕಳಿಸುವವಳು ಸಂಜೆಗೆ ನೆಟ್ಟಗೆ ನಿಂತರೆ ಅದೇ ಆ ದಿನದ ಲಾಭ.

ಹಲ್ಲಿನ ಸೆಟ್ಟು ಮಾಡಲು ಸ್ವಂತ ಅಂಗಡಿ ತೆರೆಯುತ್ತೀಯ ಎಂದು ನಮ್ಮ ಇಸ್ತ್ರಿ ತಾತನಿಗೆ ಹೇಳಿದೆ. "ಮೊದಲ್ನೇ ಸೆಟ್ಟು ನಂಗೇ ಹಾಕ್ಲಿ, ಅರ್ಧ ರೇಟಿಗೆ. ಸೇಬು ಕಚ್ಚಿ ಏಳು ವರ್ಷ ಆಯ್ತು" ಎಂದ.

ಅನುದಾನವೋ ಸಾಲವೋ ಎಂದು ಕೇಳಿದ್ದೀಯ. ಅನುದಾನವನ್ನು ತೀರಿಸಬೇಕಿಲ್ಲ, ನಿಜ; ಹಾಗೆಂದು ಅದು ಬಿಟ್ಟಿಯಲ್ಲ. ಮೊದಲು ನೀನೇ ಯಂತ್ರ ಕೊಳ್ಳಬೇಕು, ಬಿಲ್ಲು ತೋರಿಸಬೇಕು, ಅವರು ಬಂದು ಮುಟ್ಟಿ ನೋಡಬೇಕು, ಆಮೇಲೆ ಅರ್ಧ ದುಡ್ಡು ವಾಪಸ್. ನನಗೆ ಹದಿನಾಲ್ಕು ತಿಂಗಳು ಹಿಡಿಯಿತು. ಅಲ್ಲಿಯತನಕ ಸಾಲವೇ ನನ್ನನ್ನು ಸಾಕಿತು. ಸಾಲ ಕೇಳುವುದು ಒಂದೇ: ತಿಂಗಳು ತಿಂಗಳು ಕಟ್ಟುತ್ತೀಯಾ? ಅನುದಾನ ಕೇಳುವುದು ಬಹಳ: ನೀನು ಯಾರು, ವಯಸ್ಸೆಷ್ಟು, ಹಿಂದೆ ತೆಗೆದುಕೊಂಡಿದ್ದೀಯಾ?

ಆ ಕೊನೆಯ ಪ್ರಶ್ನೆಗೇ ನಿನ್ನ ಅರ್ಜಿ ಬಿದ್ದುಹೋಗಿದೆ. ಈ ಹೆಸರಿಗೆ ಆರು ವರ್ಷದ ಹಿಂದೆಯೇ ಮಂಜೂರಾಗಿದೆ ಎಂದು ಉತ್ತರ ಬಂದಾಗ, "ಯಾರೋ ಗುಮಾಸ್ತ ಎಡವಟ್ಟು ಮಾಡಿದಾನೆ, ಹೋಗಿ ಜಗಳ ಆಡು ಅಕ್ಕಾ" ಎಂದು ನೀನು ಬರೆದೆ. ನಾನು ಕಚೇರಿಗೆ ಹೋದೆ. ಜಗಳ ಆಡಲಿಲ್ಲ. ಗುಮಾಸ್ತ ಕಡತವನ್ನು ನನ್ನ ಕಡೆ ತಿರುಗಿಸಿದ. ಹನ್ನೊಂದು ಕಡೆ ನಿನ್ನ ದುಂಡನೆಯ ಸಹಿ.

ಮೂವತ್ತೈದು ತುಂಬಿದವರಿಗೆ ಅನುದಾನ ಇರಲಿಲ್ಲ. ಆಗ ನನಗೆ ನಲವತ್ತೊಂದು, ನಿನಗೆ ಇಪ್ಪತ್ತೆಂಟು. ಒಗೆಯುವ ದೊಡ್ಡ ಯಂತ್ರಕ್ಕಾಗಿ ಅರ್ಜಿಯಲ್ಲಿ ಲಾಂಡ್ರಿಯನ್ನೇ ನಿನ್ನದೆಂದು ಬರೆಸಿದೆ. ನಿನಗೆ ಸಾಕ್ಷಿ ಸಹಿ ಎಂದು ಹೇಳಿದೆ. ಅಕ್ಕ ಕೊಟ್ಟ ಕಾಗದವನ್ನು ಓದಿ ನೋಡುವವಳಲ್ಲ ನೀನು.

"ಒಬ್ರಿಗೆ ಜನ್ಮಕ್ಕೆ ಒಂದೇ ಸಲ" ಎಂದ ಗುಮಾಸ್ತ.

"ತಪ್ಪಾಯ್ತು ಅಂತ ಬರ್ಕೊಟ್ರೆ?"

"ಬಡ್ಡಿ ಸಮೇತ ಕಟ್ಟಿ. ಅವರ ಹೆಸರು ಬಿಡುಗಡೆ ಆಗ್ಬಹುದು. ಅವರಿಗೆ ಮೂವತ್ತೈದು ತುಂಬೋದ್ರೊಳಗೆ ಅಂತ ಮಾತ್ರ ಹೇಳಲಾರೆ."

ಶುಕ್ರವಾರ ಬರೆದುಕೊಟ್ಟೆ. ಕಟ್ಟುವುದಕ್ಕೆ ಲಾಂಡ್ರಿಯ ಮೇಲೆ ಸಾಲ ತೆಗೆದಿದ್ದೇನೆ. ನಿನ್ನ ಹುಟ್ಟುಹಬ್ಬಕ್ಕೆ ಇನ್ನು ಐದು ತಿಂಗಳು. ಆ ಕಚೇರಿಗೆ ಐದು ತಿಂಗಳೆಂದರೆ ಒಂದು ಆಕಳಿಕೆ. ಅದನ್ನು ನಂಬಿ ಕೂರಬೇಡ. ಪಿಂಗಾಣಿ ಹಲ್ಲು ಸುಡುವ ಕುಲುಮೆಯನ್ನು ಸಾಲದಲ್ಲೇ ಕೊಳ್ಳು, ಚಿಕ್ಕದನ್ನು. ಜಾಮೀನಿಗೆ ನಾನಿದ್ದೇನೆ, ನನ್ನ ಸಹಿ ನಿನಗೆ ಬೇಡವೆನಿಸದಿದ್ದರೆ.

ನೀನು ಮಾಡಿದ ಹಲ್ಲಿನಲ್ಲಿ ಊರೆಲ್ಲ ನಗಲಿ. ಮಕ್ಕಳಿಗೆ ಮುತ್ತು.

ನಿನ್ನ
ಅಕ್ಕ

ಇನ್ನೊಂದು ಮಾತು: ಅಂದು ಅರ್ಜಿ ತುಂಬಿಕೊಟ್ಟ ಟೈಪಿಸ್ಟ್ ನನ್ನನ್ನು ಕೇಳಿದ್ದ, "ನಾಳೆ ನಿಮ್ಮ ತಂಗಿಗೇ ಬೇಕಾದ್ರೆ ಏನ್ಮಾಡ್ತೀರಿ?" ನಾನು ನಕ್ಕುಬಿಟ್ಟೆ. "ಅವಳಿಗ್ಯಾಕ್ರೀ ಬೇಕಾಗತ್ತೆ?" ಎಂದೆ. ದುಡ್ಡನ್ನು ಬಡ್ಡಿ ಸಮೇತ ಕಟ್ಟಿಬಿಡುತ್ತೇನೆ ಪುಟ್ಟೀ. ಆ ನಗುವನ್ನು ಯಾವ ಕಚೇರಿಯೂ ವಾಪಸ್ ತೆಗೆದುಕೊಳ್ಳುವುದಿಲ್ಲ.